ಇಂಟರ್ವಲ್‌ವರೆಗೆ ಚೆನ್ನಾಗಿತ್ತು

ಮೂರು ತಿಂಗಳ ಹಿಂದೆ ಗುರುಪ್ರಕಾಶ ಟೀ ಅಂಗಡಿಯಲ್ಲಿ ಟೀ ಕುಡಿದು ಸುಮ್ಮನೆ ಎದ್ದು ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ.

ಅವನು ಕುಂತೂರಿನ ಸಕ್ಕರೆ ಕಾರ್ಖಾನೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ತೂಕ ನೋಡುವವನು. 'ಏಳನೇ ಚಂದ್ರ' ಎಂಬ ಆಕಾಶನೌಕೆಗಳ ಸಿನಿಮಾವನ್ನು ಇಪ್ಪತ್ತಾರು ಸಲ ನೋಡಿದವನು. ಆ ಕತೆಗೂ ಇಪ್ಪತ್ತು ವರ್ಷ ಮುಂಚೆ ಏನಾಗಿತ್ತು ಎಂದು ತೋರಿಸುವ ಹೊಸ ಸಿನಿಮಾ ಬರುತ್ತಿದೆ ಎಂದು ಗೊತ್ತಾದ ದಿನ, ಹತ್ತು ಜನರ ಮುಂದೆ ಅವನು ಹರಕೆ ಹೊತ್ತುಬಿಟ್ಟ.

"ಅದು ಚೆನ್ನಾಗಿದ್ರೆ ಮಾದಪ್ಪನ್ ಬೆಟ್ಟುಕ್ ಓಗಿ ಮುಡಿ ಕೊಡ್ತೀನಿ ಕನ್ರಲಾ!"

ಕೊಡುವುದಕ್ಕೆ ಅವನ ಹತ್ತಿರ ಧಾರಾಳವಾಗಿ ಮುಡಿಯಿತ್ತು. ಸಿನಿಮಾದ ಕ್ಯಾಪ್ಟನ್ ವೆಲ್ಕಾರನ ಹಾಗೆ ಭುಜದವರೆಗೆ ಬಿಟ್ಟ ಕೂದಲು. ವಾರಕ್ಕೆರಡು ಸಲ ಸೀಗೆಕಾಯಿ, ಉಳಿದ ದಿನ ಕನ್ನಡಿ. ಆಗ ಅದನ್ನು ಕೊಡುವುದರಲ್ಲಿ ತೊಂದರೆಯೇನೂ ಕಂಡಿರಲಿಲ್ಲ. ಆದರೆ ಕಳೆದ ವಾರ ಯಳಂದೂರಿನಲ್ಲಿ ಒಂದು ಸಂಬಂಧ ಕೂಡಿಬಂತು. ಹುಡುಗಿಯ ಹೆಸರು ದಿವ್ಯ. ಫೋಟೋ ನೋಡಿ ಅವಳು ಆಡಿದ್ದು ಒಂದೇ ಮಾತಂತೆ: "ಕೂದ್ಲು ಚೆನ್ನಾಗದೆ." ಹೆಣ್ಣು ನೋಡುವುದಕ್ಕೆ ಹೋಗಬೇಕಾದದ್ದು ಭಾನುವಾರ. ಸಿನಿಮಾ ಬಂದದ್ದು ಶುಕ್ರವಾರ.

ಹೀಗಾಗಿ ಶುಕ್ರವಾರ ಬೆಳಿಗ್ಗೆ ದೇವರ ಪಟದ ಮುಂದೆ ನಿಂತಾಗ ಏನು ಬೇಡಿಕೊಳ್ಳಬೇಕೆಂದೇ ಗುರುಪ್ರಕಾಶನಿಗೆ ತಿಳಿಯಲಿಲ್ಲ. ಸಿನಿಮಾ ಚೆನ್ನಾಗಿರಲಿ ಎನ್ನಲೇ, ಕೆಟ್ಟದಾಗಿರಲಿ ಎನ್ನಲೇ? ಪಟದ ಮೊಳೆಗೆ ಅರಿಶಿನದ ಬಟ್ಟೆಯಲ್ಲಿ ಕಟ್ಟಿದ ಒಂದು ಕಾಣಿಕೆ ವರ್ಷಗಳಿಂದ ತೂಗುತ್ತಿತ್ತು. ತನ್ನ ಮದುವೆಗೆಂದು ಅವ್ವ ಪುಟ್ಟಮಲ್ಲಮ್ಮ ಕಟ್ಟಿದ್ದಿರಬೇಕು ಎಂದುಕೊಂಡು ಅದಕ್ಕೂ ಒಂದು ಕೈ ಮುಗಿದು ಹೊರಟ.

ಕೊಳ್ಳೇಗಾಲದ ಥಿಯೇಟರಿನಲ್ಲಿ ಮೊದಲರ್ಧ ಮುಗಿಯುವಷ್ಟರಲ್ಲಿ ಅವನು ಹುಡುಗಿಯನ್ನೂ ಕೂದಲನ್ನೂ ಮರೆತಿದ್ದ. ಹಿಮದ ಗ್ರಹದ ಮೇಲೆ ಒಂದೇ ಒಂದು ನೌಕೆ ಸದ್ದಿಲ್ಲದೆ ಇಳಿಯಿತು. ಬಾಗಿಲು ತೆರೆದು, ಇನ್ನೂ ಕ್ಯಾಪ್ಟನ್ ಆಗಿರದ ಎಳೆಯ ವೆಲ್ಕಾರ ಹೊರಗೆ ಕಾಲಿಟ್ಟ. ಗುರುಪ್ರಕಾಶ ಅತ್ತುಬಿಟ್ಟ. ಹೋದರೆ ಹೋಗಲಿ ಕೂದಲು ಎನ್ನಿಸಿಬಿಟ್ಟಿತು.

ಇಂಟರ್ವಲ್ ಆಯಿತು. ಆಮೇಲೆ ಬೇರೆ ಯಾರೋ ಬರೆದ ಹಾಗಿತ್ತು. ಕ್ಯಾಪ್ಟನ್ ವೆಲ್ಕಾರ ಎಡಗೈಯ ಗ್ಲೌಸನ್ನು ಎಂದೂ ತೆಗೆಯದಿರುವುದು ಏಕೆ ಎನ್ನುವುದು ಹಳೆಯ ಸಿನಿಮಾದ ದೊಡ್ಡ ಗುಟ್ಟು. ಅದರ ಬಗ್ಗೆ ಗುರುಪ್ರಕಾಶ ನೋಟ್‌ಬುಕ್ಕಿನಲ್ಲಿ ನಲವತ್ತು ಪುಟ ಬರೆದಿಟ್ಟಿದ್ದ. ಸೂರ್ಯನನ್ನೇ ಮುಟ್ಟಿದ ಕೈ ಅದು ಎನ್ನುವುದು ಅವನ ವಾದ. ಹೊಸ ಸಿನಿಮಾದ ಪ್ರಕಾರ, ನೌಕೆಯ ಅಡುಗೆಮನೆಯಲ್ಲಿ ಬಿಸಿ ಸೂಪಿನ ಪಾತ್ರೆ ಕೈಮೇಲೆ ಮಗುಚಿಕೊಂಡಿತ್ತು, ಅಷ್ಟೇ. ಗುರುಪ್ರಕಾಶ ಮತ್ತೆ ಅತ್ತ. ಈ ಸಲ ಸಿಟ್ಟಿಗೆ.

ಮಧ್ಯಾಹ್ನ ಎರಡಕ್ಕೆ ಡ್ಯೂಟಿಗೆ ಬಂದರೆ ಕಬ್ಬಿನ ಟ್ರ್ಯಾಕ್ಟರುಗಳಿಗಿಂತ ಮೊದಲು ಪ್ರಶ್ನೆ ಸಾಲುಗಟ್ಟಿ ನಿಂತಿತ್ತು.

"ಎಂಗಿತ್ಲಾ ಪಿಚ್ಚರು?" ಜೊತೆಯ ಕೆಲಸಗಾರ ಪರಮೇಶ ಕೇಳಿದ.

"ಅರ್ಧ ಚೆನ್ನಾಗಿತ್ತು."

"ಅರ್ಧ ಅಂದ್ರೆ? ಮುಡಿ ಕೊಡ್ಬೇಕೊ, ಬ್ಯಾಡ್ವೊ?"

"ಅದೇ ಗೊತ್ತಾಯ್ತಿಲ್ಲ ಕನ್ಲಾ."

ತೂಕಕ್ಕೆ ನಿಂತಿದ್ದ ದೊಡ್ಡಮಾದಪ್ಪ ಟ್ರ್ಯಾಕ್ಟರಿನಿಂದ ಇಳಿದು ಬಂದ. ಅರವತ್ತು ದಾಟಿದ ಆ ಡ್ರೈವರು ಇದುವರೆಗೆ ನೋಡಿದ್ದು ದೇವರ ಸಿನಿಮಾಗಳನ್ನು ಮಾತ್ರ. "ಪಿಚ್ಚರ್ ನೋಡಿ ಅತ್ತ್ಯಾ?" ಎಂದು ಕೇಳಿದ.

"ಅತ್ತೆ ಕನಣ್ಣ. ಎಲ್ಡ್ ಸಲ."

"ಎಲ್ಡ್ ಸಲ ಅತ್ತಿದ್ದೀಯೆ ಅಂದ್ಮೇಕೆ ಒಳ್ಳೆ ಪಿಚ್ಚರೇ. ನಡಿ, ಮುಡಿ ಕೊಡು."

"ಎರಡ್ನೇ ಸಲ ಅತ್ತಿದ್ದು ಸಿಟ್ಗೆ!"

"ಮುಂದ್ಗಡೆ ಅರ್ಧ ಬೋಳಿಸ್ಕ, ಇಂದ್ಗಡೆ ಬುಟ್ಬುಡು. ಸರಿಯಾಯ್ತದೆ," ಎಂದು ಪರಮೇಶ ದಾರಿ ತೋರಿಸಿದ.

"ಬಾಯ್ ಮುಚ್ಲಾ," ದೊಡ್ಡಮಾದಪ್ಪ ಗದರಿದ. "ಮಾದಪ್ಪುನ್ಗೆ ಅರ್ಧ ಮುಡಿ ಕೊಟ್ಟೋರ್ನ ಎಲ್ಲಾದ್ರೂ ಕಂಡಿದ್ದೀಯಾ? ಕೊಟ್ರೆ ಪೂರ್ತಿ, ಇಲ್ದೆ ವೋದ್ರೆ ಇಲ್ಲ."

ಹಿಂದೆ ಸಾಲಿನಲ್ಲಿದ್ದ ಡ್ರೈವರುಗಳೂ ಇಳಿದು ಬಂದರು. ಸಿನಿಮಾ ನೋಡದ ಎಂಟು ಜನ ಸೇರಿ ಸಿನಿಮಾದ ಗುಣದೋಷ ಚರ್ಚಿಸತೊಡಗಿದರು. ಸೂಪು ಬಿದ್ದು ಕೈ ಸುಟ್ಟರೆ ಗ್ಲೌಸು ಹಾಕುವುದು ಸರಿಯೇ ಎಂದು ಒಬ್ಬ ವಾದಿಸಿದ. ಅವನ ಭಾವಮೈದನಿಗೆ ಹಾಗೇ ಆಗಿತ್ತಂತೆ. ಟ್ರ್ಯಾಕ್ಟರುಗಳ ಸಾಲು ಗೇಟು ದಾಟಿ ರಸ್ತೆಗೆ ಬಂತು, ಹಾರನ್ನುಗಳು ಶುರುವಾದವು.

ಗಲಾಟೆ ಕೇಳಿ ಸೂಪರ್‌ವೈಸರ್ ಶಿವರುದ್ರಸ್ವಾಮಿ ಓಡಿ ಬಂದರು. ಬೈಯುತ್ತಾರೆ, ಅಲ್ಲಿಗೆ ಮಾತು ಮುಗಿಯುತ್ತದೆ ಎಂದು ಗುರುಪ್ರಕಾಶನಿಗೆ ಸಮಾಧಾನವಾಯಿತು. ಆದರೆ ವಿಷಯ ಕೇಳಿದವರೇ ಅವರು ಭಕ್ತಿಯಿಂದ ಚಪ್ಪಲಿ ಬಿಟ್ಟು ನಿಂತರು.

"ಮಾದಪ್ಪನ ಹರಕೆ ಮುಂದಕ್ಕೆ ಹಾಕಬಾರ್ದು ಕಣಪ್ಪ. ಭಾನುವಾರ ನಾನೇ ಜೀಪ್ ತರ್ತೀನಿ. ಎಲ್ಲಾರೂ ಹೋಗ್ಬರಾಣ."

"ಭಾನ್ವಾರ ಬ್ಯಾಡ ಸಾ!"

"ಯಾಕೆ?"

ಹೆಣ್ಣು ನೋಡುವುದಿದೆ ಎಂದರೆ, ದೇವರಿಗಿಂತ ಹೆಣ್ಣು ಹೆಚ್ಚಾಯಿತೇ ಎನ್ನುತ್ತಾರೆ. ಗುರುಪ್ರಕಾಶ ಒಮ್ಮೆ ತನ್ನ ಕೂದಲು ಮುಟ್ಟಿ ನೋಡಿಕೊಂಡ. ಹಿಮದ ಗ್ರಹ ಕಣ್ಣ ಮುಂದೆ ಬಂತು. ಅದಕ್ಕೆ ಮನಸ್ಸಿನಲ್ಲೇ ಕ್ಷಮೆ ಕೇಳಿ ಬಾಯಿ ಬಿಟ್ಟ.

"ಯಾಕಂದ್ರೆ ಪಿಚ್ಚರ್ ಚೆನ್ನಾಗಿರ್ಲಿಲ್ಲ ಸಾ. ಡಬ್ಬ ಪಿಚ್ಚರು! ಇನ್ನು ನಂಗೆ ಪಿಚ್ಚರ್ ಸವಾಸವೇ ಬ್ಯಾಡ. ಥಿಯೇಟರ್ ಕಡೆ ತಲೆ ಆಕೂ ಮಲಗಲ್ಲ."

"ಮಾದಪ್ಪುನಾಣೆ?" ದೊಡ್ಡಮಾದಪ್ಪ ಕೇಳಿದ.

"ಮಾದಪ್ಪುನಾಣೆ!"

ಎಲ್ಲರ ಮುಖವೂ ಸಪ್ಪಗಾಯಿತು. ಶಿವರುದ್ರಸ್ವಾಮಿ ಚಪ್ಪಲಿ ಹಾಕಿಕೊಂಡರು. ಪರಮೇಶ ಮಾತ್ರ ಫೋನ್ ಹಿಡಿದು ಆಚೆ ಹೋದ. ಗುರುಪ್ರಕಾಶ ಅಂದು ಉಳಿದ ಹೊತ್ತನ್ನೆಲ್ಲ ಮಿತ್ರದ್ರೋಹ ಮಾಡಿದವನ ಮುಖ ಹೊತ್ತು ಕಬ್ಬು ತೂಗಿದ. ನಾಚಿಕೆಯಾಗಿತ್ತು. ಆದರೂ ಕೂದಲು ಉಳಿದಿತ್ತು.

ಮನೆಗೆ ಬಂದಾಗ ಅವ್ವ ಬಾಗಿಲಲ್ಲೇ ನಿಂತಿದ್ದಳು. ಕಣ್ಣಲ್ಲಿ ನೀರು, ಮುಖದಲ್ಲಿ ನಗು. ಕೈಯಲ್ಲಿ ಆ ಅರಿಶಿನದ ಬಟ್ಟೆಯ ಕಾಣಿಕೆ.

"ಪರಮೇಸ ಎಲ್ಲನೂವೆ ಏಳ್ದ ಕನಪ್ಪ. ಪಿಚ್ಚರ್ ಸವಾಸ ಬುಟ್ಟೆ ಅಂತ ಮಾದಪ್ಪುನ್ ಮ್ಯಾಲೆ ಆಣೆ ಮಾಡ್ದಂತೆ. ಏಳು ವರ್ಸದಿಂದ ಇದ ಕಟ್ಟಿದ್ದೆ. ನನ್ ಮಗನ್ ಪಿಚ್ಚರ್ ಉಚ್ಚು ಬುಡ್ಸು ತಂದೆ, ಅವನ್ ಮುಡಿ ಕೊಡುಸ್ತೀನಿ ಅಂತ."

ಗುರುಪ್ರಕಾಶ ಹೊಸ್ತಿಲ ಮೇಲೆ ಹಾಗೇ ಕುಳಿತುಬಿಟ್ಟ.

"ಅವ್ವ, ಭಾನ್ವಾರ ಯಳಂದೂರು..."

"ಫೋನ್ ಮಾಡಿ ಏಳ್ಬುಟ್ಟೆ. ಮುಂದಿನ್ ವಾರ ಬತ್ತೀವಿ, ಉಡ್ಗ ಮುಡಿ ಕೊಟ್ಟಿರ್ತಾನೆ ಅಂದೆ. ಅವರ್ಗೂವೆ ಕುಸಿಯಾಯ್ತು."

"ದಿವ್ಯ ಏನಂದ್ಲು?"

"ಏನೂ ಅನ್ನಿಲ್ಲ."

ಗುರುಪ್ರಕಾಶ ಎರಡೂ ಕೈಯಲ್ಲಿ ತನ್ನ ಕೂದಲು ಹಿಡಿದುಕೊಂಡ. ಇನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ, ನಿಜ ಹೇಳಿದರೆ ಅವ್ವನ ಮನಸ್ಸು ಕರಗೀತು ಎಂದು, ಮಧ್ಯಾಹ್ನದಿಂದ ಯಾರೂ ಪೂರ್ತಿ ಕೇಳದ ಅಭಿಪ್ರಾಯವನ್ನು ಅವಳ ಮುಂದೆ ಬಿಚ್ಚಿಟ್ಟ. ಹಿಮದ ಗ್ರಹ, ಇಳಿದ ನೌಕೆ, ಎಳೆಯ ವೆಲ್ಕಾರ, ಆಮೇಲೆ ಹಾಳು ಸೂಪು. ಅರ್ಧ ಗಂಟೆ ಹೇಳಿದ. ಪುಟ್ಟಮಲ್ಲಮ್ಮ ಗಲ್ಲಕ್ಕೆ ಕೈಕೊಟ್ಟು ಎಲ್ಲವನ್ನೂ ಕೇಳಿಸಿಕೊಂಡಳು.

"ಅಂಗಾರೆ ಇಂಟರ್ವಲ್ ಗಂಟ ಚೆನ್ನಾಗಿತ್ತು ಅನ್ನು."

"ಬಾಳ ಚೆನ್ನಾಗಿತ್ತು ಕನವ್ವ," ಎಂದ ಗುರುಪ್ರಕಾಶ. ದಿನದಲ್ಲಿ ಮೊದಲ ಸಲ ಮನಸ್ಸು ಹಗುರವಾಗಿತ್ತು.

ಪುಟ್ಟಮಲ್ಲಮ್ಮ ಎದ್ದು ಹೋಗಿ ಅರಿಶಿನದ ಇನ್ನೊಂದು ಬಟ್ಟೆಯಲ್ಲಿ ಇನ್ನೊಂದು ಕಾಣಿಕೆ ಕಟ್ಟಿದಳು. ಖಾಲಿಯಾಗಿದ್ದ ಅದೇ ಮೊಳೆಗೆ ಅದನ್ನು ತೂಗುಹಾಕಿದಳು.

"ಇದ್ಯಾಕವ್ವ?"

"ಅರ್ಧ ಚೆನ್ನಾಗಿದ್ರೂ ಚೆನ್ನಾಗಿದ್ದಂಗೆಯ, ನಿನ್ ಅರಕೆನೂ ಬಾಕಿ ಮಡೀಕಬಾರ್ದು. ಈ ಭಾನ್ವಾರ ನಂದು ತೀರುಸ್ಬುಡಾನ. ಕೂದ್ಲು ಬೆಳೆದ್ ಮ್ಯಾಕೆ ನಿಂದು."