ಬಾಯಿ ಒಣಗಿಸುವ ಕತೆ

ಈ ಭೂಮಂಡಲದಲ್ಲಿ ದೀಪಳನ್ನು ಕೂತ ಕಡೆ ಕೂರಿಸುವ ಶಕ್ತಿ ಇರುವುದು ಎರಡಕ್ಕೇ. ಒಂದು ನಿದ್ದೆ, ಇನ್ನೊಂದು ಚನ್ನಾಜಮ್ಮನ ಕತೆ! ಹೀಗಂತ ಊರವರು ಯಾರೂ ಹೇಳಿದ್ದಲ್ಲ. ಚನ್ನಾಜಮ್ಮನೇ ಹೇಳಿದ್ದು. ಹನೂರಿನ ತಮ್ಮ ಮನೆಯ ಜಗಲಿಯ ಮೇಲೆ ಕೂತು, ಕುಟ್ಟಾಣಿಯಲ್ಲಿ ಎಲೆಅಡಿಕೆ ಕುಟ್ಟುತ್ತಾ, ಒಂದೊಂದು ಮಾತಿಗೂ ಒಂದೊಂದು ಕುಟ್ಟು ಕೊಟ್ಟು ಸಾರಿದ್ದು.

ವಿಷಯ ಇಷ್ಟೆ. ಮೊಮ್ಮಗಳು ದೀಪಳಿಗೆ ಏಳು ವರ್ಷ. ಬಾಯಿಯ ಹಿಂಬದಿಯಲ್ಲಿ ಹೊಸ ದವಡೆಹಲ್ಲುಗಳು ಎದ್ದಿದ್ದವು. ಶಾಲೆಗೆ ಬಂದು ಮಕ್ಕಳ ಬಾಯಿಗೆಲ್ಲ ಟಾರ್ಚು ಬಿಟ್ಟು ನೋಡಿದ ಕೊಳ್ಳೇಗಾಲದ ಹಲ್ಲಿನ ಡಾಕ್ಟರು ಶಿವರುದ್ರಸ್ವಾಮಿ, "ಈ ಹಲ್ಲುಗಳ ನೆತ್ತಿ ಮೇಲೆ ಆಳವಾದ ಗೀರುಗಳಿವೆ. ಬ್ರಷ್ಷು ಅಲ್ಲಿಗೆ ಇಳಿಯಲ್ಲ, ಆದ್ರೆ ತಿಂದ ಸಿಹಿ ಇಳಿಯುತ್ತೆ. ಹುಳುಕು ಬೀಳೋ ಮುಂಚೆ ಸೀಲೆಂಟ್ ಹಚ್ಚಿಸಿಬಿಡಿ" ಅಂದಿದ್ದರು. ಸೀಲೆಂಟ್ ಅಂದರೆ ಹಲ್ಲಿನ ಗೀರು ಮುಚ್ಚುವ ಒಂದು ಲೇಪ. ಕೊರೆಯುವುದಿಲ್ಲ, ಚುಚ್ಚುವುದಿಲ್ಲ, ನೋವಿಲ್ಲ.

ಅದು ದೀಪಳಿಗೆ ಗೊತ್ತಾಗಬೇಕಲ್ಲ! ಅವಳ ತಾಯಿ ಶೃತಿ, ಹನೂರಿನ ಸೊಸೈಟಿಯಲ್ಲಿ ಕೆಲಸ ಮಾಡುವವಳು, ಹೋದ ವಾರ ರಜ ಹಾಕಿ ಕೊಳ್ಳೇಗಾಲಕ್ಕೆ ಕರೆದುಕೊಂಡು ಹೋಗಿದ್ದಳು. ದೀಪ ಕುರ್ಚಿಯ ಮೇಲೆ ಮಲಗಿದಳು, ಬಾಯಿ ತೆರೆದಳು, ಡಾಕ್ಟರ ಬೆರಳು ಕಚ್ಚಿದಳು, ಕೆಳಗೆ ಹಾರಿದಳು, ಓಡಿದಳು. ಅವಳನ್ನು ಹಿಡಿದದ್ದು ಬಸ್ ಸ್ಟ್ಯಾಂಡಿನ ಹತ್ತಿರ, ಕಡ್ಲೆಕಾಯಿ ಮಾರುವವನು.

"ಇನ್ನೊಂದ್ಸಲ ನೋಡೋಣ" ಅಂದಿದ್ದರು ಡಾಕ್ಟರು, ಬೆರಳು ಉಜ್ಜಿಕೊಳ್ಳುತ್ತಾ. "ಆಗಲೂ ಕೂರಲಿಲ್ಲ ಅಂದ್ರೆ ಬಿಟ್ಟುಬಿಡೋಣ. ಆದ್ರೆ ಹುಳುಕು ಬಿದ್ಮೇಲೆ ಕೊರೀಲೇಬೇಕಾಗುತ್ತೆ."

ಕೊರೆಯುವ ಮಾತು ಶೃತಿಯ ಬಾಯಿಂದ ಕೇಳಿ ಚನ್ನಾಜಮ್ಮ ಕುಟ್ಟುತ್ತಿದ್ದ ಕುಟ್ಟಾಣಿ ಕೆಳಗಿಟ್ಟಳು. ಅವಳ ದವಡೆಹಲ್ಲುಗಳೆಲ್ಲ ಗಂಡ ಇದ್ದ ಕಾಲದಲ್ಲೇ ಹುಳುಕಾಗಿ ಉದುರಿದ್ದವು. ಆಗ ಹಲ್ಲು ಕೀಳುತ್ತಿದ್ದವನು ಸೈಕಲ್ ಅಂಗಡಿಯ ಇಕ್ಕಳ ಹಿಡಿದೇ ಮನೆಗೆ ಬರುತ್ತಿದ್ದ. ಒಂದು ಹಲ್ಲಿಗೆ ಕೈ ಹಾಕಿ ಪಕ್ಕದ್ದನ್ನೂ ಕಿತ್ತು, "ಇದು ಕೊಸರು, ಮಡೀಕೊಳವ್ವ" ಅಂದಿದ್ದ! ಆ ಕೊಸರು ಹಲ್ಲು ಗಟ್ಟಿಮುಟ್ಟಾಗಿತ್ತು ಅನ್ನುವುದು ಚನ್ನಾಜಮ್ಮನ ಇವತ್ತಿಗೂ ಆರದ ಸಿಟ್ಟು. ಅವತ್ತಿನಿಂದ ಅವಳ ಅಡಿಕೆ ಅಗಿಯುವುದು ಕುಟ್ಟಾಣಿಯೇ. ಆ ಗತಿ ಮೊಮ್ಮಗಳಿಗೆ ಬರಬಾರದು!

"ಶೃತಿ, ನೀನ್ಯಾಕವ್ವಾ ಇನ್ನೊಂದ್ಸಲ ರಜ ಆಕ್ತೀಯ? ನಾನೊಬ್ಳೇ ಕರ್ಕೊಂಡೋಗಿ ಮಾಡುಸ್ಕೊಂಡು ಬತ್ತೀನಿ."

"ಅತ್ತೆ, ಅವ್ಳು ಡಾಕ್ಟ್ರ ಬೆಳ್ಳೇ ಕಚ್ಬುಟ್ಟವ್ಳೆ."

"ನಿನ್ ಜೊತೆ ಬಂದ್ರೆ ಇನ್ನೇನ್ ಮಾಡಾಳು? ಕಣ್ಣಲ್ಲೇ ಎದ್ರುಸ್ತೀಯ. ನನ್ ಬಾಯಲ್ಲಿ ಕತೆ ಇರಗಂಟ ಆ ಮಗ ಅಲ್ಲಾಡಕಿಲ್ಲ."

"ಇದೇ ಕೊನೇ ಸಲ ಅಂದವ್ರೆ ಅತ್ತೆ. ಆಗ್ಲಿಲ್ಲ ಅಂದ್ರೆ?"

"ಆಗ್ಲಿಲ್ಲ ಅಂದ್ರೆ ನನ್ ಎಸ್ರು ಚನ್ನಾಜಮ್ಮ ಅಲ್ಲ!"

"ಇನ್ನೇನಂತ ಕರೀಬೇಕು ಅಂತ ಈಗ್ಲೇ ಏಳ್ಬುಡಿ" ಅಂದು ಶೃತಿ ಕೆಲಸಕ್ಕೆ ಹೊರಟಳು.

ಶನಿವಾರ ಬೆಳಿಗ್ಗೆ ಚನ್ನಾಜಮ್ಮ ಒಗೆದ ಸೀರೆ ಉಟ್ಟು, ಹಣೆಗೆ ವಿಭೂತಿ ಬಳಿದು, ಯುದ್ಧಕ್ಕೆ ಹೊರಟ ಮಹಾರಾಣಿಯಂತೆ ಬಸ್ ಹತ್ತಿದಳು. ಕಿಟಕಿಯಿಂದ ಮಾದಪ್ಪನ ಬೆಟ್ಟದ ದಿಕ್ಕಿಗೆ ಕೈ ಮುಗಿದು, "ಮಾದಪ್ಪಾ, ಇವತ್ತೊಂದಿನ ನನ್ ಮಾನ ಕಾಯಿ. ಇಲ್ಲಾಂದ್ರೆ ಈ ಅಮಾಸೆಗೆ ನಾನ್ ಬೆಟ್ಟ ಅತ್ತಕಿಲ್ಲ. ಬೇಕಂದ್ರೆ ನೀನೇ ಇಳ್ದು ಬಾ" ಅಂದಳು. ಪಕ್ಕದಲ್ಲಿದ್ದವರು ಸ್ವಲ್ಪ ಸರಿದು ಕೂತರು.

ಕೊಳ್ಳೇಗಾಲದ ಆ ದವಾಖಾನೆಯಲ್ಲಿ ಹೊರಗೊಂದು ಬೆಂಚು, ಒಳಗೊಂದು ಮಲಗುವ ಕುರ್ಚಿ, ನಡುವೆ ಒಂದು ಪರದೆ. ಬೆಂಚಿನ ಮೇಲೆ ಕೆಲವರು ಕೆನ್ನೆಗೆ ಕೈ ಕೊಟ್ಟು ಕೂತಿದ್ದರು. ಅವರಲ್ಲಿ ದೊಡ್ಡಮಾದಪ್ಪ ಅನ್ನುವ ಯಳಂದೂರಿನ ಕಡೆಯ ರೈತನ ಕೆನ್ನೆ ಬನ್ನಿನಂತೆ ಊದಿಕೊಂಡಿತ್ತು.

ಡಾಕ್ಟರು ದೀಪಳನ್ನು ನೋಡಿದ ಕೂಡಲೇ ಬೆರಳು ಜೇಬಿಗೆ ಹಾಕಿಕೊಂಡರು. "ಇವತ್ತು ಯಾರು ಬಂದಿದೀರಿ?"

"ನಾನು ಕಣಪ್ಪ, ಅಜ್ಜಿ. ಎದ್ರುಕೋಬ್ಯಾಡ. ಕಣಜದ ಬಿರುಕಿಗೆ ಸಗಣಿ ಮೆತ್ತಿದಂಗೆ ತಾನೆ ನೀನು ಮಾಡಾದು?"

"ಸಗಣಿ ಅಲ್ಲ ಅಜ್ಜಿ..." ಡಾಕ್ಟರು ನಕ್ಕರು. "ಆದ್ರೆ ಲೆಕ್ಕ ಅದೇ. ಬಿರುಕು ಮುಚ್ಚಿದ್ರೆ ಹುಳ ನುಗ್ಗಲ್ಲ. ಒಂದೇ ಮಾತು ನೆನಪಿಟ್ಕೊಳ್ಳಿ. ಹಚ್ಚೋವಾಗ ಹಲ್ಲು ಒಣಗಿರ್ಬೇಕು. ಒಂದು ತೊಟ್ಟು ಎಂಜಲು ತಾಗಿದ್ರೂ ಅಂಟೋದಿಲ್ಲ. ಮತ್ತೆ ಮೊದಲಿಂದ ತೊಳೆದು ಒಣಗಿಸ್ಬೇಕು."

"ಅಷ್ಟೇ ತಾನೆ? ಬುಡು."

ದೀಪ ಮಲಗಿದಳು. ಸಹಾಯಕ್ಕಿದ್ದ ಹುಡುಗಿ ಭವ್ಯ ಅವಳ ಕೆನ್ನೆಯೊಳಗೆ ಹತ್ತಿಯ ಸುರುಳಿ ಇಟ್ಟಳು. ಡಾಕ್ಟರು ಹಲ್ಲು ತೊಳೆದು, ಕೊಳವೆಯಿಂದ ಪುಸ್ ಪುಸ್ ಎಂದು ಗಾಳಿ ಊದಿ, ಸಣ್ಣ ಕಡ್ಡಿಯಲ್ಲಿ ಲೇಪ ಎತ್ತಿದರು. ದೀಪಳ ಕಾಲು ಕುರ್ಚಿಯ ಅಂಚಿಗೆ ಸರಿಯಿತು. ಇದೇ ಸಮಯವೆಂದು ಚನ್ನಾಜಮ್ಮ ಗಂಟಲು ಸರಿಮಾಡಿಕೊಂಡಳು.

"ಒಂದೂರಲ್ಲಿ ಒಬ್ಬ ರಾಜ ಇದ್ನಂತೆ."

"ಹೂಂ" ಅಂದಳು ದೀಪ.

ಹೂಂ ಅನ್ನಬೇಕಾದರೆ ಬಾಯಿ ಮುಚ್ಚಬೇಕಲ್ಲ! ಮುಚ್ಚಿತು. ಒಳಗೆ ಡಾಕ್ಟರ ಬೆರಳಿತ್ತು.

"ಅಯ್ಯೋ!"

"ರಾಜನ್ ಎಸ್ರು ಅಯ್ಯೋ ಅಲ್ಲ ಡಾಕ್ಟ್ರಪ್ಪ, ತಡಿ, ಏಳ್ತೀನಿ."

"ಅಜ್ಜಿ, ಎಂಜಲಾಯ್ತು! ಕತೆ ನಿಲ್ಸಿ!"

ಕತೆ ನಿಂತಿತು. ದೀಪಳ ಒಂದು ಕಾಲು ಕುರ್ಚಿಯಿಂದ ಕೆಳಗಿಳಿಯಿತು. "ಕತೆ ಹೇಳಿ, ಹೇಳಿ!" ಎಂದು ಡಾಕ್ಟರೇ ಕೂಗಿಕೊಂಡರು. "ಆದ್ರೆ ಮಗು ಹೂಂ ಅನ್ಬಾರ್ದು!"

ಚನ್ನಾಜಮ್ಮನಿಗೆ ನಿಜಕ್ಕೂ ದಿಗ್ಭ್ರಮೆಯಾಯಿತು. ನಮ್ಮ ಕಡೆ ಕತೆ ಎಂದರೆ ಹೇಳುವವರು ಒಬ್ಬರು, ಹೂಂಗುಟ್ಟುವವರು ಒಬ್ಬರು. ಹೂಂ ಬಾರದಿದ್ದರೆ ರಾಜ ಎತ್ತಿದ ಕಾಲು ಎತ್ತಿದಂತೆಯೇ ನಿಲ್ಲಬೇಕು, ಕತೆ ಒಂದು ಹೆಜ್ಜೆ ಮುಂದೆ ಹೋಗದು. "ಹೂಂ ಇಲ್ದೆ ಕತೆನಾ? ಗೋಡೆಗೇನ್ ಏಳ್ಳಾ? ಅಂಗಾದ್ರೆ ಅವ್ಳ ಬದ್ಲು ನೀನೇ ಹೂಂ ಅನ್ನು."

ಎಷ್ಟೋ ವರ್ಷ ಓದಿ ಡಾಕ್ಟರಾದವರು ಗತಿಯಿಲ್ಲದೆ ಒಪ್ಪಿದರು.

"ಆ ರಾಜನ್ಗೆ ಮಕ್ಳಿರ್ನಿಲ್ಲ."

"ಹೂಂ" ಅಂದರು ಡಾಕ್ಟರು ಮಾಸ್ಕಿನೊಳಗಿಂದ, ಹಲ್ಲಿಗೆ ಗಾಳಿ ಊದುತ್ತಾ.

"ಕಂಡ ಕಂಡ ದೇವ್ರಿಗೆಲ್ಲ ಅರ್ಕೆ ಒತ್ತ."

ಡಾಕ್ಟರು ಕೆಲಸದಲ್ಲಿ ಮುಳುಗಿ ಹೂಂ ಮರೆತರು. ಚನ್ನಾಜಮ್ಮ ನಿಲ್ಲಿಸಿದಳು. ದೀಪ "ಆಂ! ಆಂ!" ಎಂದು ಒದ್ದಾಡಿದಳು. "ಹೂಂ!" ಅಂದಳು ಭವ್ಯ ಗಾಬರಿಯಿಂದ. ಅದು ಸಾಲದೆಂಬಂತೆ ಪರದೆಯಾಚೆಯಿಂದ ದೊಡ್ಡಮಾದಪ್ಪನ ಊದಿದ ಕೆನ್ನೆಯಿಂದಲೂ ಒಂದು ಗಂಭೀರ "ಹೂಂ" ಬಂತು. "ಏಳವ್ವ, ನಾವಿದ್ದೀವಿ. ಸಾ, ನೀವು ನಿಮ್ ಕೆಲ್ಸ ನೋಡ್ಕಳಿ" ಅಂದ ಅವನು. ಬೆಂಚಿಗೆ ಬೆಂಚೇ ಹೂಂಗುಟ್ಟತೊಡಗಿತು. ಜೀವಮಾನದಲ್ಲಿ ಇಂಥ ಸಭೆ ಚನ್ನಾಜಮ್ಮನಿಗೆ ಸಿಕ್ಕಿರಲಿಲ್ಲ. ಕತೆಗೆ ರೆಕ್ಕೆ ಬಂತು!

"ರಾಣಿ ಬಸುರಿಯಾದ್ಲು."

"ಹೂಂ!"

"ಬಸುರಿಗೆ ಬಯಕೆ ಉಟ್ತು. ಏನ್ ಬೇಕವ್ವಾ ಅಂದ್ರೆ, ಎಳೇ ಮಾವಿನ್ಕಾಯಿ ಎಚ್ಚಿ, ಉಪ್ಪು ಕಾರ ಆಕಿ, ಕೈಯಲ್ಲೇ ಇಸುಕಿ ಕೊಡಿ ಅಂದ್ಲು."

"ಹೂಂ" ಎಂದವರ ದನಿಯಲ್ಲೇ ಏನೋ ಜಿನುಗಿತು.

"ಉಣ್ಸೇಕಾಯಿಗೆ ಅಸಿಮೆಣ್ಸಿನ್ಕಾಯಿ ಇಕ್ಕಿ ಒಳಕಲ್ಲಲ್ಲಿ ಕುಟ್ಟಿ, ಕಡ್ಡಿಗೆ ಮೆತ್ತಿ, ಚೀಪಕ್ಕೆ ಕೊಡಿ ಅಂದ್ಲು. ಬೆಟ್ಟದ್ ನೆಲ್ಲಿಕಾಯ್ನ..."

"ಅಜ್ಜೀ!" ಎಂದು ಡಾಕ್ಟರು ಚೀರಿದರು.

ದೀಪಳ ಬಾಯಿಯಲ್ಲಿ ಕಾವೇರಿ ಉಕ್ಕಿ ಬಂದಿದ್ದಳು! ಹತ್ತಿಯ ಸುರುಳಿಗಳು ತೇಲಿದವು. ಎಂಜಲು ಎಳೆಯುವ ಮೆಷಿನ್ನು ಸೊರ್ರೆಂದು ಏದುಸಿರು ಬಿಟ್ಟಿತು. ಒಣಗಿಸಿದ್ದೆಲ್ಲ ಹೊಳೆಯಲ್ಲಿ ಹೋಯಿತು. ಬೈಯಲು ಬಾಯಿ ತೆರೆದ ಡಾಕ್ಟರು ಮೊದಲು ತಮ್ಮ ಬಾಯಲ್ಲಿ ಊರಿದ್ದನ್ನು ನುಂಗಿಕೊಳ್ಳಬೇಕಾಯಿತು. ಭವ್ಯ ಮೆಲ್ಲಗೆ, "ಅಜ್ಜಿ, ಉಣ್ಸೇಕಾಯ್ಗೆ ಬೆಳ್ಳುಳ್ಳಿ ಆಕಲ್ವಾ?" ಅಂದಳು.

"ಆಕ್ತಾರೆ ಕಣ್ ಮಗಾ, ಎರಡೇ ಎಸ್ಳು."

"ಸಾಕು!" ಡಾಕ್ಟರು ಕೈ ಮುಗಿದೇಬಿಟ್ಟರು. "ಇನ್ನೊಂದೇ ಸಲ ನೋಡ್ತೀನಿ. ಇದೂ ಆಗ್ಲಿಲ್ಲ ಅಂದ್ರೆ ಮಗೂನ ಕರ್ಕೊಂಡು ಹೊರಟುಬಿಡಿ. ನಿಮಗೆ ಕತೆ ಹೇಳ್ಲೇಬೇಕು ಅಂತಿದ್ರೆ, ದಯವಿಟ್ಟು ಬಾಯಿ ಒಣಗೋ ಅಂಥದ್ದು ಹೇಳಿ."

ಚನ್ನಾಜಮ್ಮನಿಗೆ ಕೊರೆಯುವ ಮೆಷಿನ್ನು ಪಕ್ಕದಲ್ಲೇ ಬಾಗಿ ನಿಂತು ತನ್ನನ್ನೇ ನೋಡುತ್ತಿದ್ದಂತೆ ಕಂಡಿತು. ಮೊಮ್ಮಗಳ ಹಲ್ಲು, ತನ್ನ ಹೆಸರು, ಎರಡೂ ಈಗ ಒಂದು ಒಣ ಕತೆಯ ಮೇಲೆ ನಿಂತಿವೆ! ಒಣಗಿದ್ದು, ಗಂಟಲಲ್ಲಿ ಇಳಿಯದ್ದು, ನೆನೆದರೆ ನಾಲಿಗೆ ಅಂಗುಳಿಗೆ ಅಂಟಿಕೊಳ್ಳುವಂಥದ್ದು... ಯಾವುದಪ್ಪಾ? ತಟ್ಟನೆ ಹೊಳೆಯಿತು.

"ಒಂದೂರಲ್ಲಿ ಒಬ್ಳು ಸೊಸೆ ಇದ್ಲಂತೆ."

"ಹೂಂ."

"ದಿನಾ ಬೆಳಿಗ್ಗೆ ಗಡಿಯಾರ ನೋಡ್ಕಂಡು ಉಪ್ಪಿಟ್ಟು ಮಾಡಳು. ನೀರೂ ಇಲ್ಲ, ಎಣ್ಣೇನೂ ಇಲ್ಲ. ಅಂಗೇ ಉದುರುದುರು."

"ಹೂಂ" ಎಂದಿತು ಬೆಂಚು, ಅನುಭವದ ದನಿಯಲ್ಲಿ. ಡಾಕ್ಟರು ಇಣುಕಿದರು. ಹೊಳೆ ಇಳಿದಿತ್ತು! ಸರಸರ ಗಾಳಿ ಊದಿದರು. "ಹಾಂ, ಹಂಗೇ ಮುಂದುವರಿಸಿ!"

"ಒಂದ್ ತುತ್ತು ಬಾಯ್ಗಾಕಂಡ್ರೆ, ಮಾರ್ಟಳ್ಳಿ ರೋಡಲ್ಲಿ ಲಾರಿ ಇಂದೆ ನಡ್ದಂಗೆ! ಬರೀ ಧೂಳು!"

"ಹೂಂ, ಹೂಂ!"

"ಅತ್ತೆಗೆ ಪಾಪ ಅಗಿಯಕ್ಕೆ ಅಲ್ಲಿಲ್ಲ. ಒಂದ್ ಚೊಂಬು ನೀರ್ ಕುಡುದ್ರೂ ಗಂಟ್ಲಲ್ಲಿ ಇಳೀದು. ಚೆನ್ನಾಗಿಲ್ಲ ಅನ್ನಂಗೂ ಇಲ್ಲ. ಅಂದ್ರೆ ಸೊಸೆ ಕಣ್ಬುಟ್ಟು ನೋಡಳು."

"ಹೂಂ" ಅಂದಿತು ಒಂದು ಹೆಣ್ಣುದನಿ.

ಅದು ಬೆಂಚಿನ ದನಿಯಲ್ಲ. ಭವ್ಯಳದೂ ಅಲ್ಲ. ಬಹಳ ಪರಿಚಯದ ದನಿ. ಚನ್ನಾಜಮ್ಮ ನಿಧಾನವಾಗಿ ಕತ್ತು ತಿರುಗಿಸಿದಳು. ಪರದೆಯ ಸಂದಿಯಲ್ಲಿ, ಹೆಗಲಿಗೆ ಬ್ಯಾಗು ನೇತುಹಾಕಿಕೊಂಡು, ಶೃತಿ ನಿಂತಿದ್ದಳು! ಮನಸ್ಸು ತಡೆಯದೆ ಅರ್ಧ ದಿನ ರಜ ಹಾಕಿ ಇವರ ಹಿಂದೆಯೇ ಹೊರಟ ಬಸ್ಸಿಗೆ ಬಂದಿದ್ದಳು.

"ನಿಲ್ಸಬ್ಯಾಡಿ ಅತ್ತೆ" ಅಂದಳು ಶೃತಿ, ಜೇನಿನಂಥ ದನಿಯಲ್ಲಿ. "ಆಮೇಲೆ ಆ ಸೊಸೆ ಏನ್ ಮಾಡುದ್ಲು?"

ಬೆಂಚು ಉಸಿರು ಹಿಡಿಯಿತು. ದೀಪ ಅಮ್ಮನ ಮುಖ ನೋಡಿದಳು, ಅಜ್ಜಿಯ ಮುಖ ನೋಡಿದಳು, ತೆರೆದ ಬಾಯಿ ತೆರೆದಂತೆಯೇ ಕಲ್ಲಾದಳು. ಅವಳ ಬಾಯಿಯಲ್ಲಿ ಹುಡುಕಿದರೂ ಒಂದು ತೊಟ್ಟಿರಲಿಲ್ಲ.

"ಯಾರೂ ಅಲ್ಲಾಡ್ಬೇಡಿ!" ಎಂದು ಡಾಕ್ಟರು ಪಿಸುಗುಟ್ಟಿದರು. "ಅಮ್ಮ, ನೀವು ಹಂಗೇ ನಿಂತಿರಿ. ಕಣ್ಣು ತೆಗೀಬೇಡಿ. ಭವ್ಯಾ, ಲೈಟು!"

ಮೇಲಿನದು, ಕೆಳಗಿನದು, ಆ ಕಡೆಯದು, ಈ ಕಡೆಯದು. ಲೇಪ ಸರಸರ ಗೀರಿಗಿಳಿಯಿತು, ನೀಲಿ ಬೆಳಕು ಬಿತ್ತು, ಗಟ್ಟಿಯಾಯಿತು. ಚನ್ನಾಜಮ್ಮ ಕತೆಯನ್ನು ಹೇಗಾದರೂ ದಡ ಸೇರಿಸಲು, "ಆಮೇಲೆ... ಆ ಸೊಸೆ ಬಲು ಒಳ್ಳೇವ್ಳಾದ್ಲು" ಎಂದು ಗೊಣಗಿದಳು. ಅಷ್ಟೊತ್ತೂ ಎಲ್ಲದಕ್ಕೂ ಹೂಂ ಅಂದ ಬೆಂಚು ಇದಕ್ಕೆ ಮಾತ್ರ ಅನ್ನಲಿಲ್ಲ. "ಅಲ್ಲಿಗಂಟ ಚೆನ್ನಾಗಿತ್ತವ್ವ, ಇಲ್ಲಿ ಯಾಕೋ ನಂಬಕಾಗ್ತಿಲ್ಲ" ಅಂದ ದೊಡ್ಡಮಾದಪ್ಪ.

"ಮುಗೀತು!" ಡಾಕ್ಟರು ಮಾಸ್ಕು ಕಳಚಿ ಹಣೆ ಒರೆಸಿಕೊಂಡರು. "ಆರು ತಿಂಗಳಿಗೆ ಒಂದ್ಸಲ ತೋರಿಸಿ. ಎಲ್ಲಾದ್ರೂ ಚೂರು ಎದ್ದಿದ್ರೆ ಮತ್ತೆ ಹಚ್ಚೋಣ. ಯಾರು ಕರ್ಕೊಂಡು ಬರ್ತೀರಿ?"

ದೀಪ ನಾಲಿಗೆಯಿಂದ ಹೊಸ ಹಲ್ಲು ಸವರುತ್ತಾ ತೀರ್ಪು ಕೊಟ್ಟಳು: "ಇಬ್ರೂ ಬರ್ಲಿ. ಅಜ್ಜಿ ಅಮ್ಮನ್ ಕತೆ ಏಳ್ಲಿ, ಅಮ್ಮ ಬಾಗ್ಲಲ್ಲಿ ನಿಂತ್ಕಳ್ಲಿ."

"ಅದೇ ಸರಿ. ಇದಕ್ಕಿಂತ ಒಳ್ಳೇ ಮೆಷಿನ್ನು ಎಲ್ಲೂ ಸಿಗಲ್ಲ" ಅಂದರು ಡಾಕ್ಟರು.

ಒಬ್ಬಳೇ ಗೆದ್ದು ಬರುತ್ತೇನೆಂದು ಹೊರಟಿದ್ದ ಮಹಾರಾಣಿ, ಹನೂರಿನ ಬಸ್ಸಿನಲ್ಲಿ ಸೊಸೆಯ ಪಕ್ಕ ಮುದುಡಿ ಕೂತಳು. ದೀಪ ಕಿಟಕಿಗೆ ಒರಗಿ ನಿದ್ದೆ ಹೋಗಿದ್ದಳು. ಕೊನೆಗೆ ಚನ್ನಾಜಮ್ಮನೇ ಶುರುಮಾಡಿದಳು.

"ಶೃತಿ, ಅದು ಬರೀ ಕತೆ ಕಣವ್ವಾ."

"ಹೂಂ."

"ಮಗೀನ ಅಲ್ಲು ಉಳೀಲಿ ಅಂತ ಬಾಯ್ಗೆ ಬಂದದ್ದು ಏಳ್ದೆ."

"ಹೂಂ."

"ಆ ಸೊಸೆ ಬೇರೆ ಯಾರೋ."

"ಹೂಂ."

"ನಿನ್ ಉಪ್ಪಿಟ್ಟು... ಒಂಥರಾ ಚೆನ್ನಾಗೇ ಇರ್ತದೆ."

ಈ ಸಲ ಹೂಂ ಬರಲಿಲ್ಲ. ಶೃತಿ ಸುಮ್ಮನೆ ತಿರುಗಿ ಕಣ್ಣು ಬಿಟ್ಟು ನೋಡಿದಳು. ಚನ್ನಾಜಮ್ಮನ ನಾಲಿಗೆ ಅಂಗುಳಿಗೆ ಅಂಟಿಕೊಂಡಿತು. ಆ ಗಳಿಗೆಯಲ್ಲಿ ಡಾಕ್ಟರೇನಾದರೂ ಬಸ್ಸಿನಲ್ಲಿದ್ದಿದ್ದರೆ, ಅವಳ ಬಾಯಲ್ಲಿ ಉಳಿದಿರುವ ನಾಲ್ಕು ಮುಂದಿನ ಹಲ್ಲಿಗೂ ಗಾಳಿ ಊದದೆಯೇ ಸೀಲೆಂಟ್ ಹಚ್ಚಿ ಇಳಿದುಹೋಗುತ್ತಿದ್ದರು!