ಗ್ರಾಫ್ ಮೇಷ್ಟ್ರ ಗೆರೆ

ಗಣಿತದ ಮೇಷ್ಟ್ರು ಆರು ವರ್ಷದಿಂದ ತಮ್ಮ ಬಾಡಿಗೆ ಮನೆಯ ಅಡುಗೆಮನೆ ಬಾಗಿಲ ಹಿಂದೆ ಒಂದು ಗ್ರಾಫ್ ಹಾಳೆ ಅಂಟಿಸಿಕೊಂಡಿದ್ದರು. ಬೀದಿಯಲ್ಲಿ ತಿಂಗಳಿಗೆ ಎಷ್ಟು ಮನೆ ಮಾರಾಟವಾದವು, ಎಷ್ಟೆಷ್ಟಕ್ಕೆ, ಎಲ್ಲವೂ ಅದರಲ್ಲಿತ್ತು. ತಾವಿದ್ದ ಮನೆಯನ್ನೇ ಕೊಳ್ಳಬೇಕೆಂಬುದು ಅವರ ಆಸೆ. ಇವರು ಕೇಳಿದ ಬೆಲೆಗೆ ಮಾಲೀಕರು ನಕ್ಕುಬಿಟ್ಟಿದ್ದರು. ನಾನು ಹೇಳಿದ ಬೆಲೆಗೆ ಇವತ್ತು ಸಂಜೆಯೊಳಗೆ ಒಪ್ಪದಿದ್ದರೆ ಬೇರೆಯವರಿಗೆ ಕೊಡುತ್ತೇನೆ ಎಂದೂ ಹೇಳಿದ್ದರು.

ಬೆಳಿಗ್ಗೆ ಕೊನೆಯ ಚುಕ್ಕಿ ಇಟ್ಟ ಮೇಷ್ಟ್ರು ಪೆನ್ಸಿಲ್ ಹಿಡಿದೇ ಕುಣಿದರು.

"ಮೂರು ತಿಂಗಳಿಂದ ಮಾರಾಟ ಇಳೀತಾ ಇದೆ ಕಣೇ. ಇನ್ನು ಬೆಲೆ ಬೀಳ್ಲೇಬೇಕು. ಯಾರ ಹತ್ರಾನೂ ಬಾಯ್ಬಿಡಬೇಡ."

ಹೆಂಡತಿ ಬಾಯ್ಬಿಡಲಿಲ್ಲ. ಪಕ್ಕದ ಮನೆ ದೊಡ್ಡಮ್ಮನ ಕಿವಿಯಲ್ಲಿ ಮೆಲ್ಲಗೆ ಹೇಳಿದರು, ಅಷ್ಟೇ.

ಹತ್ತು ಗಂಟೆಗೆ ಮೂಲೆಮನೆ ಟೈಲರ್ ಗೇಟಿಗೆ 'ಮನೆ ಮಾರಾಟಕ್ಕಿದೆ' ಎಂಬ ಬೋರ್ಡು ಬಿತ್ತು. ಹನ್ನೊಂದಕ್ಕೆ ಎದುರುಮನೆ ನರ್ಸಮ್ಮನದು, ಟೈಲರಿಗಿಂತ ಕಡಿಮೆ ಬೆಲೆಗೆ. ಟೈಲರ್ ಓಡಿಬಂದು ತನ್ನ ಬೋರ್ಡಿನ ಅಂಕಿ ಅಳಿಸಿ ಇನ್ನೂ ಇಳಿಸಿದ. ಮಧ್ಯಾಹ್ನದ ಹೊತ್ತಿಗೆ ಬೀದಿಯ ತುಂಬ ಬೋರ್ಡು. ಅಗ್ಗದ ಸುದ್ದಿ ಕೇಳಿ ಪಕ್ಕದ ಬೀದಿಯವರು ಮುಂಗಡ ಹಿಡಿದು ಓಡಿಬಂದರು. ಶಾಲೆಗೆ ರಜೆ ಹಾಕಿ ಕಿಟಕಿ ಬಳಿ ಕೂತ ಮೇಷ್ಟ್ರು ಗಂಟೆಗೊಂದು ಚುಕ್ಕಿ ಇಟ್ಟರು. ಬೆಲೆಯ ಗೆರೆ ಜಾರುಬಂಡೆ ಮೇಲಿನ ಮಗುವಿನ ಹಾಗೆ ಸರ್ರನೆ ಇಳಿಯಿತು. ಖುಷಿಗೆ ಅವರಿಗೆ ಊಟವೂ ಸೇರಲಿಲ್ಲ.

ಐದು ಗಂಟೆಗೆ ಮಾಲೀಕರು ಬೆವರೊರೆಸಿಕೊಳ್ಳುತ್ತ ಬಂದರು. ಕೈಯಲ್ಲಿ ಕರಾರುಪತ್ರ.

"ಮೇಷ್ಟ್ರೇ, ನೀವು ಕೇಳಿದ ರೇಟಿಗೇ ತಗೊಂಡ್ಬಿಡಿ. ನಾಳೆ ನಂಗೆ ಇಷ್ಟೂ ಸಿಗಲ್ಲ."

ಹೆಂಡತಿ ಪೆನ್ನು ತಂದುಕೊಟ್ಟರು. ಸಹಿ ಹಾಕಲು ಬಗ್ಗಿದ ಮಾಲೀಕರು ನಿಟ್ಟುಸಿರುಬಿಟ್ಟು ಕೇಳಿದರು. "ಅಲ್ಲ, ಬೀದಿಯೆಲ್ಲ ನಿಮ್ಮ ಮಾತೇ. ಬೆಲೆ ಬೀಳುತ್ತೆ ಅಂತ ಅದು ಹೆಂಗೆ ಇಷ್ಟು ಕರೆಕ್ಟಾಗಿ ಹೇಳಿದ್ರಿ?"

ಆರು ವರ್ಷದಲ್ಲಿ ಈ ಪ್ರಶ್ನೆ ಕೇಳಿದವರು ಇವರೇ ಮೊದಲು. ಮೇಷ್ಟ್ರ ಎದೆ ಉಬ್ಬಿತು. ಹೆಂಡತಿ ಕೆಮ್ಮಿದರು. ಅದು ಯಾರಿಗೆ ಕೇಳಿಸಬೇಕು? ಮೇಷ್ಟ್ರು ಆಗಲೇ ಮಾಲೀಕರನ್ನು ಕೈಹಿಡಿದು ಬಾಗಿಲ ಹಿಂದಕ್ಕೆ ಕರೆದೊಯ್ದಿದ್ದರು.

"ಇಲ್ನೋಡಿ. ಮಾರಾಟ ಇಳೀತು, ಬೆಲೆ ಬಿತ್ತು. ಬೆಲೆ ಬಿದ್ದಿದ್ದಕ್ಕೆ ಜನ ಮುಗಿಬಿದ್ರು, ಮಧ್ಯಾಹ್ನದಿಂದ ಐದು ಮನೆ ಹೋಯ್ತು. ಮಾರಾಟ ಹಿಂಗೆ ಎದ್ರೆ ಬೆಲೆನೂ ಹಿಂದೇನೇ ಏಳುತ್ತೆ. ನಾಳೆಯಿಂದ ನೋಡ್ತಾ ಇರಿ."

"ಖಂಡಿತಾನಾ?"

"ನನ್ನ ಗೆರೆ ಯಾವತ್ತಾದ್ರೂ ತಪ್ಪಿದ್ಯಾ?"

"ಇಲ್ಲ ಮೇಷ್ಟ್ರೇ" ಎಂದ ಮಾಲೀಕರು ಪೆನ್ನಿಗೆ ಮುಚ್ಚಳ ಹಾಕಿ, ಕರಾರುಪತ್ರ ಮಡಿಸಿ ಜೇಬಿಗಿಟ್ಟರು. "ಹಂಗಾದ್ರೆ ಈಗ ಮಾರೋದು ಬೇಡ ಬಿಡಿ. ಬಾಡಿಗೆ ಎಷ್ಟು ಏರಿಸ್ಬಹುದು ಅಂತಾನೂ ಸ್ವಲ್ಪ ಆ ಹಾಳೇಲಿ ನೋಡಿ ಹೇಳ್ತೀರಾ?"