ಹಿತ್ತಾಳೆ ಖಾತೆಯ ವಿಠ್ಠಲ

ಶನಿವಾರ ಬೆಳಿಗ್ಗೆ ಏಳಕ್ಕೆ ವಿಠ್ಠಲ ತಾನಾಗಿ ಎದ್ದು ಕೂರುತ್ತಾನೆ ಎನ್ನುವುದೇ ಅವನ ಹೆಂಡತಿ ನಳಿನಿಯ ದೂರು. ವಾರದ ಐದು ದಿನ ಅವನನ್ನು ಹಾಸಿಗೆಯಿಂದ ಬಿಡಿಸಲು ಅವಳು ಪಡುವ ಪಾಡು ಅವಳಿಗೇ ಗೊತ್ತು. ಮನೆಯಲ್ಲಿ ಇಲ್ಲಿನ ಕಡ್ಡಿ ಎತ್ತಿ ಅಲ್ಲಿಡದ ಜೀವ ಅದು. ಕುಡಿದಿಟ್ಟ ಕಾಫಿ ಲೋಟ ಸೋಫಾ ಪಕ್ಕದಲ್ಲಿ ಬೇರು ಬಿಟ್ಟು ಚಿಗುರಿದರೂ ಅವನ ಕಣ್ಣಿಗೆ ಬೀಳುವುದಿಲ್ಲ. ಅಂಥವನು ಶನಿವಾರ ಬಂದರೆ ಕೀಲಿ ಕೊಟ್ಟ ಬೊಂಬೆಯ ಹಾಗೆ ಎದ್ದು, ಸ್ನಾನ ಮುಗಿಸಿ, ನೀಲಿ ಕೋಟು ತೊಟ್ಟು, ಗೋಥೆನ್‌ಬರ್ಗಿನ ಚಳಿಯಲ್ಲಿ ಹೊರಟುಬಿಡುತ್ತಾನೆ. ಎಲ್ಲಿಗೆ? ಹಳೆಯ ಟ್ರಾಮುಗಳ ಶೆಡ್ಡಿಗೆ.

ಆ ಊರಿನಲ್ಲಿ ಒಂದು ಸಂಘವಿತ್ತು. ಹೆಚ್ಚಿನವರು ನಿವೃತ್ತರು. ಎಪ್ಪತ್ತು ಎಂಬತ್ತು ವರ್ಷದ ಟ್ರಾಮುಗಳನ್ನು ಗುಜರಿಯಿಂದ ಉಳಿಸಿ, ರಿಪೇರಿ ಮಾಡಿ, ಬೇಸಿಗೆಯ ಭಾನುವಾರಗಳಲ್ಲಿ ಜನರನ್ನು ಕೂರಿಸಿ ಓಡಿಸುತ್ತಿದ್ದರು. ಸಂಬಳವಿಲ್ಲ, ಸಾರಿಗೆ ಭತ್ಯೆಯಿಲ್ಲ. (ಮೇಲಿಂದ ವರ್ಷದ ಚಂದಾ ಬೇರೆ ಎಂದು ನಳಿನಿ ಸೇರಿಸುತ್ತಿದ್ದಳು.)

ವಿಠ್ಠಲನಿಗೆ ಈ ಹುಚ್ಚು ಹಿಡಿದದ್ದಕ್ಕೆ ಕಾರಣವಿತ್ತು. ಹಿರಿಯೂರಿನ ಆಚೆ ಅವನ ಹಳ್ಳಿಗೆ ದಿನಕ್ಕೆ ಎರಡು ಸಲ ಬಸ್ಸು ಬರುತ್ತಿತ್ತು. ಚಿಕ್ಕಂದಿನಲ್ಲಿ ಬಿಸಿ ಬಾನೆಟ್ಟಿನ ಪಕ್ಕ ಕೂತು ಡ್ರೈವರಿನ ಕೈಗಳನ್ನೇ ನೋಡುತ್ತಿದ್ದವನು, ಮುಂದೆ ಮನೆತನದಲ್ಲೇ ಮೊದಲ ಪದವೀಧರನಾಗಿ, ಇಂಜಿನಿಯರಾಗಿ, ಸ್ವೀಡನ್ನಿಗೆ ಬಂದ. ಎಲ್ಲರಿಗೂ ಸಂತೋಷವಾಯಿತು. ಆದರೆ ಡ್ರೈವರಾಗುವುದು ಉಳಿದುಹೋಗಿತ್ತು. ಎರಡು ಸಾವಿರದ ಐದರ ಮಾರ್ಚಿನಲ್ಲಿ, ರಿಪೇರಿಯಾದ ಮೇಲೆ ಪರೀಕ್ಷೆಗೆ ಹೊರಟ ಒಂದು ಹಳೆಯ ಟ್ರಾಮು ಅವನೆದುರು ಹಾದುಹೋಯಿತು. ಮುಂದುಗಡೆ ಬಿಳಿಗಡ್ಡದ ಮುದುಕನೊಬ್ಬ ನೆಟ್ಟಗೆ ನಿಂತು, ಹಿತ್ತಾಳೆಯ ಹಿಡಿಯೊಂದನ್ನು ಗಡಿಯಾರದ ಮುಳ್ಳಿನ ಹಾಗೆ ಟಕ್ ಟಕ್ ಎಂದು ತಿರುಗಿಸುತ್ತಿದ್ದ. ಮುಂದಿನ ಶನಿವಾರವೇ ವಿಠ್ಠಲ ಶೆಡ್ಡಿನ ಬಾಗಿಲಲ್ಲಿ ನಿಂತಿದ್ದ.

ಆ ಬಿಳಿಗಡ್ಡದವರೇ ಸಂಘದ ಅಧ್ಯಕ್ಷ ಯೋರಾನ್, ನಿವೃತ್ತ ಭೂಗೋಳದ ಮೇಷ್ಟ್ರು. ಶೆಡ್ಡನ್ನೆಲ್ಲ ತೋರಿಸಿ, ಸದ್ಯಕ್ಕೆ ಇದರಿಂದ ಶುರು ಮಾಡಬಹುದೇನೋ ಎಂದು ಸಂಕೋಚದಿಂದಲೇ ಒಂದು ಒರೆಸುವ ಬಟ್ಟೆ ಕೈಗಿತ್ತರು. ಡ್ರೈವರಾಗಬೇಕು ಎಂದು ವಿಠ್ಠಲ ಆಗಲೇ ಹೇಳಬಹುದಿತ್ತು. ಆದರೆ ಅವನು ಬೆಳೆದ ಮನೆಯಲ್ಲಿ ಹಿರಿಯರನ್ನು ಬಾಯಿಬಿಟ್ಟು ಕೇಳುವ ಪದ್ಧತಿ ಇರಲಿಲ್ಲ. ನಿಷ್ಠೆಯಿಂದ ಕೆಲಸ ಮಾಡುತ್ತಿರಬೇಕು. ಯೋಗ್ಯತೆ ಕಂಡರೆ ಅವರೇ ಕರೆದು ಕೂರಿಸುತ್ತಾರೆ. ಹಾಗಾಗಿ ಅವನ ಅರ್ಜಿಯನ್ನು ಅವನ ದುಡಿಮೆಯೇ ಬರೆಯಿತು. ನೆಲ ಒರೆಸಿದ, ಕಿಟಕಿ ಉಜ್ಜಿದ, ಫಿಕಾ ಎಂಬ ಅವರ ಕಾಫಿ ವಿರಾಮ ಮುಗಿದ ಮೇಲೆ ಹದಿನೆಂಟು ಜನರ ಕಪ್ಪು ತೊಳೆದ. ಮೂರನೆಯ ತಿಂಗಳು, ಡಬ್ಬಿಯ ಪಾಲಿಶ್ಶಿಗೆ ಜಗ್ಗದ ಒಂದು ಕಂದುಗಟ್ಟಿದ ಹಿಡಿಗೆ, ಮನೆಯಿಂದ ಜೇಬಿನಲ್ಲಿ ತಂದ ಹುಣಸೆಹಣ್ಣು ಮತ್ತು ಉಪ್ಪು ಹಚ್ಚಿ ತಿಕ್ಕಿದ. ಹಿಡಿ ಬಂಗಾರವಾಯಿತು. ಮುದುಕರೆಲ್ಲ ಸುತ್ತ ನೆರೆದರು. ಒಬ್ಬರು ಟೋಪಿ ತೆಗೆದರು. ಅಂದಿನಿಂದ ಗಂಟೆ, ಕಂಬಿ, ಕೊಕ್ಕೆ, ಫಲಕಗಳೆಂಬ ಸಮಸ್ತ ಹಿತ್ತಾಳೆ ಖಾತೆ ಅವನದಾಯಿತು. ಚಾಲನೆಯ ಮಾತು ಮಾತ್ರ ಯಾರ ಬಾಯಲ್ಲೂ ಬರಲಿಲ್ಲ.

ಅಲ್ಲೇನು ಮಾಡುತ್ತೀರಿ ಎಂದು ನಳಿನಿ ಕೇಳಿದಾಗಲೆಲ್ಲ ಅವನು ಟ್ರೈನಿಂಗ್ ನಡೀತಿದೆ ಎನ್ನುತ್ತಿದ್ದ. ಅದನ್ನು ನಳಿನಿ ಫೋನಿನಲ್ಲಿ ಗೆಳತಿ ಮಾಲತಿಗೆ ಹೇಳುವಾಗ, ಇನ್ನೇನು ಓಡಿಸುತ್ತಾರೆ ಎಂದಾಯಿತು. ಮಾಲತಿ ತನ್ನ ಗಂಡ ರಾಜಗೋಪಾಲರಿಗೆ ಹೇಳುವಾಗ, ಓಡಿಸುತ್ತಿದ್ದಾರೆ ಎಂದಾಯಿತು. ರಾಜಗೋಪಾಲರು ಊರಿನ ಕನ್ನಡ ಬಳಗದ ಹಿರಿಯರು. ಸನ್ಮಾನ ಮಾಡಲು ಜನ ಸಿಗದೆ ಎರಡು ವರ್ಷದಿಂದ ಒಂದು ಶಾಲು ಇಟ್ಟುಕೊಂಡು ಒದ್ದಾಡುತ್ತಿದ್ದರು. ಯುಗಾದಿ ಕೂಟದಲ್ಲಿ ವಿಠ್ಠಲನನ್ನು ವೇದಿಕೆಗೆ ಕರೆದು, ಈ ನೆಲದ ಮೊಟ್ಟಮೊದಲ ಕನ್ನಡಿಗ ಟ್ರಾಮ್ ಸಾರಥಿ ಎಂದು ಘೋಷಿಸಿ, ಅದನ್ನು ಅವನ ಹೆಗಲಿಗೆ ಹೊದಿಸಿಯೇಬಿಟ್ಟರು. ಇಲ್ಲ ಎನ್ನಲು ಅದೇ ಸರಿಯಾದ ಸಮಯ. ಆದರೆ ಚಪ್ಪಾಳೆ ಜೋರಾಗಿತ್ತು, ಶಾಲು ಬೆಚ್ಚಗಿತ್ತು, ನಳಿನಿ ಮುಂದಿನ ಸಾಲಿನಲ್ಲಿ ಕಣ್ಣೊರೆಸಿಕೊಳ್ಳುತ್ತಿದ್ದಳು. ವಿಠ್ಠಲ ಕೈಮುಗಿದ. ಅಷ್ಟರಲ್ಲಿ ರಾಜಗೋಪಾಲರು, ಮೇ ತಿಂಗಳ ಮೊದಲ ಭಾನುವಾರ ಬಳಗದವರೆಲ್ಲ ವಿಠ್ಠಲನ ಟ್ರಾಮು ಹತ್ತುವುದೆಂದು ಠರಾವು ಮಂಡಿಸಿ ಅಲ್ಲೇ ಪಾಸು ಮಾಡಿಸಿದರು.

ಉಳಿದದ್ದು ಮೂರು ವಾರ. ಯೋರಾನ್ ಅವರನ್ನು ಕೇಳಿಯೇ ಬಿಡುವುದೆಂದು ವಿಠ್ಠಲ ಮಹಾಸಂಕಲ್ಪ ಮಾಡಿದ. ಕೇಳಬೇಕಾದ ಸ್ವೀಡಿಷ್ ವಾಕ್ಯವನ್ನು ಬಚ್ಚಲಮನೆಯಲ್ಲಿ ಉರು ಹೊಡೆದ. ಕೊನೆಯ ಶನಿವಾರ ಫಿಕಾ ಹೊತ್ತಿನಲ್ಲಿ ಗಂಟಲು ಸರಿಮಾಡಿಕೊಂಡು ಬಾಯಿ ತೆರೆದ. ಇನ್ನೊಂದು ಸ್ವಲ್ಪ ಕಾಫಿ ಬೇಕೇ ಎಂದು ಯೋರಾನ್ ಕೇಳಿದರು. ಥ್ಯಾಂಕ್ಸ್ ಎಂದ. ಅಲ್ಲಿಗೆ ಮುಗಿಯಿತು. ಇನ್ನುಳಿದದ್ದು ಒಂದೇ ದಾರಿ: ಭಾನುವಾರ ನೀಲಿ ಕೋಟು ತೊಟ್ಟು ಡ್ರೈವರ್ ಪಕ್ಕ ಗತ್ತಿನಿಂದ ನಿಲ್ಲುವುದು, ಇವತ್ತು ನಾನು ಬರೀ ಮೇಲ್ವಿಚಾರಣೆ ಎನ್ನುವುದು.

ಭಾನುವಾರ ಬಳಗದ ಇಪ್ಪತ್ತೆರಡು ಮಂದಿ ರೇಷ್ಮೆ ಸೀರೆ, ಪಂಚೆಗಳ ಮೇಲೆ ಚಳಿಕೋಟು ಹೊದ್ದು, ಪುಳಿಯೋಗರೆ ಡಬ್ಬಿಗಳ ಸಮೇತ ನಿಲ್ದಾಣಕ್ಕೆ ಬಂದರು. ವಿಠ್ಠಲನ ಮೇಲ್ವಿಚಾರಣೆ ಐದು ನಿಮಿಷ ಚೆನ್ನಾಗಿಯೇ ನಡೆಯಿತು. ಆಮೇಲೆ, ಅವನ ಕಡೆಯವರು ಇಷ್ಟೊಂದು ಜನ ಬಂದದ್ದು ನೋಡಿ ಹಿಗ್ಗಿದ ಯೋರಾನ್ ಮೆಟ್ಟಿಲ ಮೇಲೆ ನಿಂತು ಭಾಷಣ ಆರಂಭಿಸಿದರು. ಭಾಷೆ ಸ್ವೀಡಿಷ್, ಬಳಗದವರಿಗೆ ಪೂರ್ತಿ ತಿಳಿಯಲಾರದು ಎಂದು ವಿಠ್ಠಲನಿಗೆ ಧೈರ್ಯ. ಆದರೆ ಆಫೀಸಿನಲ್ಲಿ ಇಂಗ್ಲಿಷಿನಲ್ಲೇ ಕಾಲ ಹಾಕುವವನು ಅವನು. ನಳಿನಿಯಾದರೋ ಸರ್ಕಾರದ ಭಾಷಾ ತರಗತಿ ಮುಗಿಸಿ, ಅಲ್ಲಿನವರು ಡಾಗಿಸ್ ಎಂದು ಕರೆಯುವ ಶಿಶುವಿಹಾರದಲ್ಲಿ ಕೆಲಸಕ್ಕಿದ್ದವಳು. ಸ್ವೀಡಿಷಿನಲ್ಲಿ ಹಟ ಮಾಡುವ ಹದಿನೈದು ಮಕ್ಕಳನ್ನು ಸ್ವೀಡಿಷಿನಲ್ಲೇ ಗದರುತ್ತಿದ್ದಳು. ಏನಂತೆ, ಏನಂತೆ ಎಂದು ಮಾಲತಿ ಕೇಳಿದ್ದಕ್ಕೆ ಅವಳು ವಾಕ್ಯ ವಾಕ್ಯವಾಗಿ ಕನ್ನಡಕ್ಕೆ ತರತೊಡಗಿದಳು.

"ಹದಿನಾಲ್ಕು ತಿಂಗಳಿಂದ ಇವರು ಒಂದು ಶನಿವಾರವೂ ತಪ್ಪಿಸಿಲ್ಲವಂತೆ." ಚಪ್ಪಾಳೆ. "ಇವರು ಒರೆಸಿದ ನೆಲದಲ್ಲಿ ಮುಖ ನೋಡ್ಕೋಬಹುದಂತೆ." ಅರ್ಧ ಚಪ್ಪಾಳೆ. "ಕಿಟಕಿ ಇವರೇ. ಹಿತ್ತಾಳೆ ಇವರೇ. ಹುಣಸೆಹಣ್ಣಲ್ಲಿ ಉಜ್ತಾರಂತೆ." ಮುಂದಿನದನ್ನು ಅವಳು ಒಂದೊಂದೇ ಪದವಾಗಿ ಹೇಳಿದಳು. "ಹದಿನೆಂಟು ಜನದ ಕಾಫಿ ಕಪ್ಪು ತೊಳೆದು, ಒರೆಸಿ, ಕಪಾಟಲ್ಲಿ ಜೋಡಿಸಿಡ್ತಾರಂತೆ. ಯಾರೂ ಹೇಳದೇನೇ. ತಾವಾಗಿ."

ಬಳಗದ ಇಪ್ಪತ್ತೆರಡು ಮಂದಿ ವಿಠ್ಠಲನನ್ನು ನೋಡಿದರು. ವಿಠ್ಠಲ ಹಳಿಯನ್ನು ನೋಡಿದ.

"ಶಾಲು ವಾಪಸ್ ಏನೂ ಬೇಡಪ್ಪ," ಎಂದರು ರಾಜಗೋಪಾಲರು. "ನಿಮ್ಮ ಹತ್ರನೇ ಇರ್ಲಿ. ಒರ್ಸೋಕೆ ಬರುತ್ತೆ."

ನಳಿನಿ ಜಗಳವಾಡಲಿಲ್ಲ. ಅದೇ ಹೆಚ್ಚು ಭಯವಾಗುವಂಥದ್ದು. ನೇರವಾಗಿ ಯೋರಾನ್ ಬಳಿ ಹೋಗಿ, ನನ್ನ ಗಂಡನಿಗೆ ಟ್ರಾಮು ಓಡಿಸಲು ಯಾಕೆ ಕಲಿಸಲಿಲ್ಲ ಎಂದು ಕೇಳಿದಳು. ಮೇಷ್ಟ್ರು ಕಿವಿಯವರೆಗೂ ಕೆಂಪಾದರು. ಅವರು ಎಂದೂ ಕೇಳಲೇ ಇಲ್ಲವಲ್ಲ ಎಂದರು. ಇವರ ಬಗ್ಗೆ ಕಾರ್ಯಕಾರಿ ಸಮಿತಿಯಲ್ಲಿ ಎರಡು ಸಲ ಚರ್ಚೆಯೇ ಆಗಿತ್ತಂತೆ. ಹಿತ್ತಾಳೆಯ ಮೇಲೆ ಅಷ್ಟು ಪ್ರೀತಿ ಇಟ್ಟ ಮನುಷ್ಯನನ್ನು ಅದರಿಂದ ಎಬ್ಬಿಸುವುದು ಒತ್ತಾಯ ಮಾಡಿದ ಹಾಗಾಗುತ್ತದೆ ಎಂದು ಸುಮ್ಮನಾದರಂತೆ. ನೀವೇ ಕರೆಯುತ್ತೀರಿ ಎಂದು ಕಾಯುತ್ತಿದ್ದೆ ಎಂದು ವಿಠ್ಠಲ ತೊದಲಿದ. ಹದಿನಾಲ್ಕು ತಿಂಗಳು ಒಬ್ಬರಿಗೊಬ್ಬರು ಮರ್ಯಾದೆ ಕೊಟ್ಟುಕೊಂಡು ಕೂತಿದ್ದ ಇಬ್ಬರೂ ಮುಖ ಮುಖ ನೋಡಿಕೊಂಡರು.

ಹಾಗಾದರೆ ಮಂಗಳವಾರ ಹೊಸ ತರಗತಿ ಶುರುವಾಗುತ್ತದೆ, ಒಂದೇ ಒಂದು ಜಾಗ ಉಳಿದಿದೆ ಎಂದು ಯೋರಾನ್ ಪುಸ್ತಕ ತೆಗೆದರು. ವಿಠ್ಠಲನಿಗೆ ಬೇಕೇ ಎಂದು ಸ್ಪಷ್ಟವಾಗಿ, ಅವನ ಕಣ್ಣಲ್ಲಿ ಕಣ್ಣಿಟ್ಟು ಕೇಳಿದರು.

ವಿಠ್ಠಲ ಕೋಟಿನ ಗುಂಡಿ ಸರಿಮಾಡಿಕೊಂಡು ಒಂದು ಹೆಜ್ಜೆ ಮುಂದೆ ಬಂದ. ಆದರೆ ಅವನದು ಹೊಟ್ಟೆ ತಾಳ ಹಾಕುತ್ತಿದ್ದರೂ ಊಟಕ್ಕೆ ಕರೆದಾಗ ಈಗ ತಾನೇ ಆಯ್ತು ಎನ್ನುವ ಮನೆತನ. ಮೊದಲ ಸಲ ಬೇಡ ಎನ್ನಬೇಕು, ಎರಡನೆಯ ಸಲ ಸಂಕೋಚಪಡಬೇಕು, ಮೂರನೆಯ ಸಲ ನಿಮ್ಮ ಬಲವಂತಕ್ಕೆ ಎಂದು ಎಲೆಯ ಮುಂದೆ ಕೂರಬೇಕು. ಎಲ್ಲರೆದುರು ಗಬಕ್ಕನೆ ಒಪ್ಪಿದರೆ ಜನ ಏನೆಂದುಕೊಂಡಾರು?

"ಪರವಾಗಿಲ್ಲ ಸರ್," ಎಂದ ತನಗೆ ಬರುವ ಸ್ವೀಡಿಷಿನಲ್ಲಿ. "ಬೇರೆ ಯಾರಿಗಾದರೂ ಬೇಕಿದ್ದರೆ ಕೊಡಿ."

ಮತ್ತೆ ಕೇಳಲಿ ಎಂದು ಕಾದ. ಯೋರಾನ್ ಹಗುರಾಗಿ ಉಸಿರುಬಿಟ್ಟರು. ತಾವು ಅಂದುಕೊಂಡದ್ದೇ ಸರಿ, ಹಿತ್ತಾಳೆಯೇ ಇವರ ಜೀವ ಎಂದು ಅವರ ಮುಖದಲ್ಲಿ ಬರೆದಿತ್ತು. ಪುಸ್ತಕ ಮುಚ್ಚುವುದರಲ್ಲಿದ್ದರು.

"ನನಗೆ ಬೇಕು," ಎಂದಳು ನಳಿನಿ.

ಕಾರಿನ ಲೈಸೆನ್ಸ್ ಇದೆಯೇ ಎಂದರು. ಇದೆ ಎಂದಳು. ಹೆಸರು ಬರೆದುಕೊಂಡರು. ಎಲ್ಲ ಸೇರಿ ಅರ್ಧ ನಿಮಿಷ.

"ಏನೇ ಇದು, ನಂಗೆ ಸಿಕ್ಕಿದ್ದ ಸೀಟು ಕಣೆ ಅದು," ಎಂದ ವಿಠ್ಠಲ, ಟ್ರಾಮಿನ ಮೂಲೆಯಲ್ಲಿ ಪಿಸುದನಿಯಲ್ಲಿ.

"ನೀವೇ ಬೇಡ ಅಂದ್ರಲ್ರೀ."

"ಅದು ಬೇಡ ಅನ್ನೋ ಬೇಡ ಅಲ್ಲ."

"ಅದನ್ನ ಅವರಿಗೆ ಹೇಳಿ. ಸ್ವೀಡಿಷಲ್ಲಿ ಹೇಗೆ ಹೇಳ್ತೀರೋ ನೋಡೋಣ."

ಆ ಬೇಸಿಗೆಯಿಡೀ ಮಂಗಳವಾರ ಸಂಜೆ ನಳಿನಿ ತರಗತಿಗೆ ಹೋದಳು. ಹೊರಡುವ ಮುಂಚೆ ಸಿಂಕಿನ ಕಡೆ ಒಮ್ಮೆ ನೋಡುತ್ತಿದ್ದಳು, ಅಷ್ಟೆ. ಹದಿನೆಂಟು ಕಪ್ಪು ತೊಳೆಯುವ ಕೈಗೆ ಎರಡು ತಟ್ಟೆ ಲೆಕ್ಕವೇ? ಮಾಲತಿಯ ಮನೆಯಿಂದ ಎರಡು ಜೊತೆ ಹಿತ್ತಾಳೆ ದೀಪಗಳೂ ಬಂದವು; ಅವಸರವೇನಿಲ್ಲ, ವರಮಹಾಲಕ್ಷ್ಮಿ ಹಬ್ಬದೊಳಗೆ ಸಿಕ್ಕರೆ ಸಾಕು ಎಂದು ಚೀಟಿ ಇತ್ತು.

ಆಗಸ್ಟಿನ ಕೊನೆಯ ಭಾನುವಾರ ನಳಿನಿಯ ಮೊದಲ ಓಟ. ಬಳಗ ಪೂರ್ತಿ ಮತ್ತೆ ಹತ್ತಿತು. ಯೋರಾನ್ ಪಕ್ಕದಲ್ಲಿದ್ದರು. ಚೂಡಿದಾರದ ಮೇಲೆ ನೀಲಿ ಕೋಟು ತೊಟ್ಟ ನಳಿನಿ ನೆಟ್ಟಗೆ ನಿಂತು, ಆ ಹಿಡಿಯನ್ನು ಟಕ್ ಟಕ್ ಎಂದು ತಿರುಗಿಸಿದಳು. ಟ್ರಾಮು ಹೊರಟಿತು. ವಿಠ್ಠಲ ಅವಳ ಹಿಂದೆಯೇ ನಿಂತು, ಹದಿನೇಳು ತಿಂಗಳು ನೋಡಿ ನೋಡಿ ಕಲಿತದ್ದನ್ನೆಲ್ಲ ಮನಸ್ಸಿನಲ್ಲೇ ಓಡಿಸುತ್ತಿದ್ದ. ಕಾಲುವೆ ದಾಟಿ ತಿರುವು ಬಂತು. ಅವನಿಗೆ ತಡೆಯಲಾಗಲಿಲ್ಲ.

"ನಳಿನಿ, ಸ್ವಲ್ಪ ನಿಧಾನ..."

ನಳಿನಿ ತಲೆ ತಿರುಗಿಸಲಿಲ್ಲ. ತೋರುಬೆರಳು ಎತ್ತಿ, ಕಿಟಕಿಯ ಮೇಲಿದ್ದ ಹಿತ್ತಾಳೆ ಫಲಕವನ್ನು ಎರಡು ಸಲ ತಟ್ಟಿದಳು. ಟ್ರಾಮು ಓಡುವಾಗ ಚಾಲಕರೊಂದಿಗೆ ಮಾತನಾಡಬಾರದು ಎಂದು ಅದರಲ್ಲಿ ಬರೆದಿತ್ತು. ಯೋರಾನ್ ಗಂಭೀರವಾಗಿ ತಲೆದೂಗಿದರು.

ಟ್ರಾಮು ಬಳುಕದೆ ತಿರುವು ದಾಟಿತು. ಹಿಂದೆ ಬಳಗದವರು ಚಪ್ಪಾಳೆ ತಟ್ಟಿದರು. ಫಳಫಳ ಹೊಳೆಯುವ ಹಿತ್ತಾಳೆಯ ಮೇಲೆ ಅವಳ ಬೆರಳಿನ ಎರಡು ಗುರುತು ಮೂಡಿದ್ದವು. ವಿಠ್ಠಲ ಒಂದು ನಿಮಿಷ ಅವನ್ನೇ ನೋಡಿದ. ಆಮೇಲೆ ಜೇಬಿನಿಂದ ಬಟ್ಟೆ ತೆಗೆದು ಒರೆಸಿದ.